ಎಂಟು ಗ್ರಾಂ ವ್ಯತ್ಯಾಸ

ನಮ್ಮ ಊರಿನ ರಸ್ತೆಯಲ್ಲಿ ಎರಡು ಸೈಕಲ್ಲುಗಳು ಎದುರಾದರೆ ಭಾರದ ಸೈಕಲ್ಲಿನವನು ಕೆಳಗಿಳಿದು ಪಕ್ಕಕ್ಕೆ ನಿಲ್ಲಬೇಕು, ಹಗುರದವನು ಮುಂದೆ ಹೋಗಬೇಕು. ಹಗುರದವನು ‘ದಾರಿ!’ ಎಂದು ಒಂದು ಸಲ ಕೂಗಿದರೆ ಸಾಕು. ಸೈಕಲ್ಲಿನ ಮೇಲೆ ಹೇರಿದ್ದೆಲ್ಲ ತೂಕಕ್ಕೆ ಸೇರುತ್ತದೆ. ತರಕಾರಿ ಚೀಲ, ನೀರಿನ ಕೊಡ, ಹಿಂದೆ ಕೂತ ಹೆಂಡತಿ, ಎಲ್ಲವೂ. ಓಡಿಸುವವನ ಮೈತೂಕ ಮಾತ್ರ ಸೇರುವುದಿಲ್ಲ. ಈ ಕೊನೆಯ ಮಾತನ್ನು ಸೇರಿಸಿದ ಹಿರಿಯರು ಯಾರೋ ಗೊತ್ತಿಲ್ಲ, ಒಳ್ಳೆಯ ಹೊಟ್ಟೆ ಇದ್ದವರೇ ಇರಬೇಕು. ಇನ್ನು, ಊರಿಗೆಲ್ಲ ಹಗುರವಾದ ಸೈಕಲ್ಲು ಯಾರದೋ ಅವರೇ ಆ ವರ್ಷದ ಚೇರ್ಮನ್. ಬೇರೆ ಊರುಗಳಲ್ಲಿ ಇದಕ್ಕೆ ಭಾಷಣ, ಮೆರವಣಿಗೆ, ಮತದಾನ ಅಂತೆಲ್ಲ ಕಷ್ಟಪಡುತ್ತಾರಂತೆ. ನಮ್ಮಲ್ಲಿ ಅರ್ಧ ಗಂಟೆಯಲ್ಲಿ ತಕ್ಕಡಿಯ ಮೇಲೆ ಮುಗಿದುಹೋಗುತ್ತದೆ.

ಆ ತಕ್ಕಡಿ ನನ್ನ ಕೈಯಲ್ಲಿತ್ತು. ನನ್ನ ಹೆಸರು ಪಂಚಾಕ್ಷರಿ, ಇಪ್ಪತ್ತೆರಡು ವರ್ಷ ತೂಕದ ಮನೆಯ ಗುಮಾಸ್ತನಾಗಿದ್ದೆ.

ನಾನು ಕೆಲಸಕ್ಕೆ ಸೇರಿದಾಗ ಎಲ್ಲರದ್ದೂ ಕಬ್ಬಿಣದ ಸೈಕಲ್ಲೇ. ಚೈನಿನ ಕವರು ಬಿಚ್ಚಿಸಿದವನು ಸ್ವಲ್ಪ ದೊಡ್ಡ ಮನುಷ್ಯ, ಮಡ್‌ಗಾರ್ಡನ್ನೂ ಬಿಚ್ಚಿಸಿದವನು ಇನ್ನೂ ದೊಡ್ಡ ಮನುಷ್ಯ, ಅಷ್ಟೇ. ಆಮೇಲೆ ಕಾರ್ಬನ್ ಸೈಕಲ್ಲು ಬಂತು. ಕಪ್ಪಗೆ, ನಯವಾಗಿ, ಎರಡು ಬೆರಳಲ್ಲಿ ಎತ್ತುವ ಹಾಗಿದ್ದ ಆ ವಸ್ತುವಿನ ಬೆಲೆಗೆ ಒಂದು ಮನೆ ಕಟ್ಟಬಹುದಿತ್ತು. ಕೆಲವರು ಇದ್ದ ಮನೆಯನ್ನು ಮಾರಿ ಅದನ್ನು ಕೊಂಡರು, ಬಾಡಿಗೆಯ ಒಂದೇ ಕೋಣೆಯಲ್ಲಿ ಅದನ್ನು ಮಂಚದ ಮೇಲೆ ಮಲಗಿಸಿ ತಾವು ಚಾಪೆ ಹಾಸಿಕೊಂಡರು. ಅದಕ್ಕೆ ಸ್ಟ್ಯಾಂಡ್ ಇರಲಿಲ್ಲ, ಏಕೆಂದರೆ ಸ್ಟ್ಯಾಂಡಿಗೆ ತೂಕವಿದೆ. ಗೋಡೆಗೆ ಒರಗಿಸಿದರೆ ಗೀರು ಬೀಳುತ್ತದೆ. ಹಾಗಾಗಿ ಊರಿನ ಗಣ್ಯರೆಲ್ಲ ಎಲ್ಲಿ ಹೋದರೂ ಸೈಕಲ್ಲನ್ನು ಹಿಡಿದುಕೊಂಡೇ ನಿಂತಿರುತ್ತಿದ್ದರು. ಮದುವೆ ಮನೆಗಳಲ್ಲಿ ಅವರಿಗೆ ಬೀಗರು ಬಾಯಿಗೆ ಲಾಡು ಇಡಬೇಕಾಗುತ್ತಿತ್ತು, ಕೈ ಖಾಲಿ ಇರುತ್ತಿರಲಿಲ್ಲವಲ್ಲ. ಮಳೆ ಬಂದರೆ ಯಾರೂ ಹೊರಗೆ ಬರುತ್ತಿರಲಿಲ್ಲ. ಚಕ್ರಕ್ಕೆ ಹತ್ತಿದ ಕೆಸರೂ ತೂಕವೇ.

ಚೇರ್ಮನ್ ರುದ್ರಮುನಿಯವರು ಏಳು ವರ್ಷ ಕುರ್ಚಿ ಬಿಟ್ಟಿರಲಿಲ್ಲ. ಸ್ವತಃ ತೊಂಬತ್ತೆಂಟು ಕಿಲೋ ಇದ್ದ ಆ ಮಹನೀಯರು ಸೈಕಲ್ಲಿನ ಬಣ್ಣದಲ್ಲಿ ಮೂವತ್ತು ಗ್ರಾಂ ವ್ಯರ್ಥವಾಗುತ್ತಿದೆ ಎಂದು ಬಣ್ಣವನ್ನು ಕೆರೆಸಿದ್ದರು. ಅವರ ಎದುರಾಳಿ ಬಟ್ಟೆ ಅಂಗಡಿಯ ವಾಸುಪೂಜ್ಯ ಶೆಟ್ಟರು. ಇವರು ಸೀಟಿನ ಮೆತ್ತೆ ಕಿತ್ತು ಹಪ್ಪಳದಷ್ಟು ತೆಳ್ಳಗಿನ ಹಲಗೆಯ ಮೇಲೆ ಕೂರುತ್ತಿದ್ದರು. ಅಂಗಡಿಯಲ್ಲಿ ಅವರು ಯಾವಾಗಲೂ ನಿಂತುಕೊಂಡೇ ವ್ಯಾಪಾರ ಮಾಡುತ್ತಿದ್ದುದನ್ನು ಗಿರಾಕಿಗಳು ವಿನಯ ಎಂದು ತಿಳಿದಿದ್ದರು.

ಹೋದ ವರ್ಷ ತೂಕದ ದಿನಕ್ಕೆ ಒಂದು ವಾರ ಮುಂಚೆ ರುದ್ರಮುನಿಯವರು ಬ್ರೇಕುಗಳನ್ನು ತೆಗೆಸಿದರು.

“ಸಾರ್, ಬ್ರೇಕು...” ಎಂದೆ.

“ಯಾಕ್ರೀ ಬೇಕು? ಬ್ರೇಕು ಬೇಕಾಗಿರೋದು ನಿಲ್ಲೋರಿಗೆ. ನಾನು ಯಾರಿಗ್ರೀ ನಿಲ್ಬೇಕು?”

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಊರೆಲ್ಲ ಅವರಿಗೆ ದಾರಿ ಬಿಡುತ್ತಿತ್ತು. ಮನೆ ಬಂದಾಗ ಮಾತ್ರ ಆಳು ಒಬ್ಬ ಎದುರಿಗೆ ನಿಂತು ಹ್ಯಾಂಡಲ್ ಹಿಡಿದು ನಿಲ್ಲಿಸುತ್ತಿದ್ದ. ಆಳಿನ ತೂಕ ಲೆಕ್ಕಕ್ಕಿಲ್ಲ. ಸುದ್ದಿ ತಿಳಿದ ಮೂರನೆಯ ದಿನ ಶೆಟ್ಟರೂ ಬ್ರೇಕು ಕೀಳಿಸಿದರು.

ತೂಕದ ಕೋಣೆಯಲ್ಲಿ ನಾನೊಬ್ಬನೇ ಇರಬೇಕೆಂಬುದು ಪದ್ಧತಿ. ನಾಲ್ಕು ಜನ ಉಸಿರಾಡಿದರೆ ತಕ್ಕಡಿಯ ಮುಳ್ಳು ಅಲುಗುತ್ತದೆ. ಹಿಂದಿನ ದಿನ ಸಂಜೆ ರುದ್ರಮುನಿಯವರು ನನ್ನ ಮನೆಗೇ ಬಂದು, ಕಾಫಿ ಕುಡಿದು, ನಾವಿರುವ ಸರ್ಕಾರಿ ಮನೆಯ ಗೋಡೆಗಳನ್ನು ಕಣ್ಣಲ್ಲೇ ಅಳೆದು, “ಚೆನ್ನಾಗಿದೆ ಮನೆ. ಖಾಲಿ ಮಾಡೋಕೆ ಯಾರಿಗೂ ಮನಸ್ಸು ಬರಲ್ಲ, ಅಲ್ವಾ?” ಎಂದು ಹೇಳಿ ಹೋದರು. ಅವರು ಹೋದ ಹತ್ತು ನಿಮಿಷಕ್ಕೆ ಶೆಟ್ಟರು ಬಂದರು. ನನ್ನ ಹೆಂಡತಿ ಸುಕನ್ಯಾಳ ತಮ್ಮ ಅವರ ಅಂಗಡಿಯಲ್ಲೇ ಕೆಲಸಕ್ಕಿದ್ದ. “ಒಳ್ಳೆ ಹುಡುಗ. ಇರಲಿ ಅಂತ ನನಗೂ ಆಸೆ” ಎಂದರು. ಇಬ್ಬರೂ ಎಷ್ಟು ಮರ್ಯಾದಸ್ಥರೆಂದರೆ, ತೂಕದ ಸುದ್ದಿಯನ್ನೇ ಎತ್ತಲಿಲ್ಲ.

ಮರುದಿನ ತೂಗಿದೆ. ರುದ್ರಮುನಿಯವರದ್ದು ನಾಲ್ಕು ಕಿಲೋ ಆರುನೂರ ಹನ್ನೆರಡು ಗ್ರಾಂ. ಶೆಟ್ಟರದ್ದು ನಾಲ್ಕು ಕಿಲೋ ಆರುನೂರ ನಾಲ್ಕು ಗ್ರಾಂ. ಎಂಟು ಗ್ರಾಂ ವ್ಯತ್ಯಾಸ. ಒಂದು ಕಡೆ ನನ್ನ ಮನೆ, ಇನ್ನೊಂದು ಕಡೆ ನನ್ನ ಭಾವಮೈದ. ಸ್ವಲ್ಪ ಹೊತ್ತು ಮುಳ್ಳನ್ನೇ ನೋಡಿದೆ. ಆಮೇಲೆ ಪುಸ್ತಕದಲ್ಲಿ ಇಬ್ಬರ ಹೆಸರಿನ ಮುಂದೂ ಆರುನೂರ ನಾಲ್ಕು ಎಂದು ಬರೆದು, ಬಾಗಿಲು ತೆಗೆದು, “ಸಮ” ಎಂದೆ. ಯಾರ ಮನಸ್ಸನ್ನೂ ನೋಯಿಸದ ತೀರ್ಮಾನವೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸಮವಾದರೆ ಹಳೆಯ ಚೇರ್ಮನ್ನೇ ಮುಂದುವರಿಯುತ್ತಾರೆ, ಅದು ಸರಿ. ಆದರೆ ರಸ್ತೆಯಲ್ಲಿ ಇಬ್ಬರೂ ಎದುರಾದರೆ ಇಳಿಯುವವರು ಯಾರು? ಇದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಇಬ್ಬರೂ ಬುದ್ಧಿವಂತರಾದ್ದರಿಂದ ಎದುರಾಗದಂತೆ ನೋಡಿಕೊಂಡರು. ಒಬ್ಬರು ಪೂರ್ವದ ಬೀದಿ ಹಿಡಿದರೆ ಇನ್ನೊಬ್ಬರು ಪಶ್ಚಿಮದ್ದು ಹಿಡಿಯುತ್ತಿದ್ದರು. ಎರಡು ತಿಂಗಳು ಹೀಗೇ ನಡೆಯಿತು. ಊರಿನ ಜನಕ್ಕೆ ಮಾತ್ರ ಭಾರಿ ನಿರಾಸೆ.

ನಮ್ಮಲ್ಲಿ ಬಟ್ಟಲು ಓಣಿ ಅಂತ ಒಂದಿದೆ. ಎರಡೂ ತುದಿಯಿಂದ ಇಳಿಜಾರು, ನಡುವಿನ ತಗ್ಗಿನಲ್ಲಿ ಊರಿನ ಸಿಹಿನೀರಿನ ನಲ್ಲಿ. ದೇವೀರಮ್ಮ ಅಲ್ಲಿಂದ ನೀರು ಹಿಡಿದು ಮನೆ ಮನೆಗೆ ಹಾಕುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಗಂಡ ಬಿಟ್ಟುಹೋದ ಕಬ್ಬಿಣದ ಸೈಕಲ್ಲು, ಅದರ ಕ್ಯಾರಿಯರಿನ ಎರಡೂ ಬದಿಗೆ ಟ್ಯೂಬಿನ ರಬ್ಬರಿನಿಂದ ಬಿಗಿದ ನಾಲ್ಕು ಕೊಡ. ತುಂಬಿದಾಗ ಅವಳದ್ದು ಊರಿನಲ್ಲೇ ಭಾರದ ಸೈಕಲ್ಲು. ಅಂದರೆ ಅವಳು ಎಲ್ಲರಿಗೂ ಇಳಿಯಬೇಕು, ಅವಳಿಗೆ ಯಾರೂ ಇಳಿಯಬೇಕಾಗಿಲ್ಲ. ಓಣಿಯಿಂದ ನಮ್ಮ ಮನೆಗೆ ಅರ್ಧ ಮೈಲಿ. ಅಷ್ಟರಲ್ಲಿ ನಲವತ್ತು ಸಲ ಇಳಿದು ಹತ್ತುತ್ತಿದ್ದಳು. ಅವಳ ನೀರು ತಡವಾಗುತ್ತದೆಂದು ಬೈಯುತ್ತಿದ್ದವರೂ ಅವಳನ್ನು ಇಳಿಸುತ್ತಿದ್ದವರೂ ಒಬ್ಬರೇ.

ಆ ದಿನ ಬೆಳಗ್ಗೆ ಪೂರ್ವದ ಬೀದಿಯಲ್ಲಿ ಚರಂಡಿ ಅಗೆದಿದ್ದರು. ರುದ್ರಮುನಿಯವರು ಬಟ್ಟಲು ಓಣಿಗೆ ತಿರುಗಿದರು. ಅವರ ಕಡತಗಳನ್ನು ಹೇರಿಕೊಂಡು ಕಚೇರಿ ಸೈಕಲ್ಲಿನಲ್ಲಿ ನಾನು ಹಿಂದಿದ್ದೆ. ಅವರು ಇಳಿಜಾರಿಗೆ ಬಿದ್ದದ್ದೇ ಎದುರು ತುದಿಯಲ್ಲಿ ಶೆಟ್ಟರು ಕಾಣಿಸಿಕೊಂಡರು. ಶೆಟ್ಟರ ಬೀದಿಯಲ್ಲೂ ಯಾರದೋ ಮದುವೆ ಚಪ್ಪರ ಹಾಕಿದ್ದರಂತೆ.

ದೇವೀರಮ್ಮ ಇಬ್ಬರನ್ನೂ ನೋಡಿದಳು. ತುಂಬಿದ ಸೈಕಲ್ಲನ್ನು ಗೋಡೆಗೆ ಒತ್ತಿ, ಅದಕ್ಕೆ ತಾನೂ ಒತ್ತಿಕೊಂಡು ನಿಂತಳು.

“ದಾರಿ!” ಎಂದರು ರುದ್ರಮುನಿ.

“ದಾರಿ!” ಎಂದರು ಶೆಟ್ಟರು.

“ದಾರಿ! ದಾರೀ!”

“ದಾರೀ ರೀ!”

ಕೊನೆಯ ಗಳಿಗೆಯಲ್ಲಿ ಇಬ್ಬರ ಬೆರಳುಗಳೂ ಹ್ಯಾಂಡಲ್ಲನ್ನು ತಡಕಿದ್ದನ್ನು ನೋಡಿ, ಇಬ್ಬರಿಗೂ ಒಂದೇ ವಿಚಾರ ಹೊಳೆದಿದೆ ಎಂದು ನನಗೆ ತಿಳಿಯಿತು. ಆದರೆ ಆ ವಿಚಾರವನ್ನು ಅವರು ಕಿತ್ತು ಮನೆಯ ಅಟ್ಟದ ಮೇಲೆ ಇಟ್ಟು ಬಂದಿದ್ದರು. ನಲ್ಲಿಯ ಮುಂದೆ, ದೇವೀರಮ್ಮನಿಂದ ಮೂರು ಮಾರು ದೂರದಲ್ಲಿ, ಇಬ್ಬರೂ ಡಿಕ್ಕಿ ಹೊಡೆದರು. ಕಬ್ಬಿಣವಾಗಿದ್ದರೆ ಬಗ್ಗುತ್ತಿತ್ತು. ಕಾರ್ಬನ್ ಬಗ್ಗುವಂಥದ್ದಲ್ಲ. ಒಣಗಿದ ಸಂಡಿಗೆ ಮುರಿದಂತೆ ಸದ್ದಾಯಿತು, ಅಷ್ಟೇ. ಎರಡು ಮನೆಗಳ ಬೆಲೆ ಓಣಿಯ ತುಂಬ ಕಪ್ಪು ಚೂರಾಗಿ ಚೆಲ್ಲಿತು. ಶೆಟ್ಟರ ಬಲಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ರುದ್ರಮುನಿಯವರು ಭುಜ ಹಿಡಿದುಕೊಂಡು ಕೂತಿದ್ದರು, ಹಣೆಯಿಂದ ರಕ್ತ ಸುರಿಯುತ್ತಿತ್ತು.

ನಾನು ಕಡತಗಳನ್ನು ಹಿಡಿದುಕೊಂಡು ನಿಂತೇ ಇದ್ದೆ. ದೇವೀರಮ್ಮ ಮಾತ್ರ ನಾಲ್ಕೂ ಕೊಡ ಬಿಚ್ಚಿ ನೀರು ಚೆಲ್ಲಿ, ಸೆರಗು ಸಿಕ್ಕಿಸಿಕೊಂಡಳು.

“ಏನ್ ನೋಡ್ತಾ ನಿಂತಿದ್ದೀರಿ ಸ್ವಾಮಿ, ಹಿಡ್ಕಳಿ ಇತ್ಲಾಗೆ” ಎಂದು ನನ್ನನ್ನು ಗದರಿದಳು.

ನಾವಿಬ್ಬರೂ ಸೇರಿ ಚೇರ್ಮನ್ನರನ್ನು ಕ್ಯಾರಿಯರಿನ ಮೇಲೆ, ಶೆಟ್ಟರನ್ನು ಮುಂದಿನ ಬಾರಿನ ಮೇಲೆ ಕೂರಿಸಿದೆವು. ಅವಳು ಹ್ಯಾಂಡಲ್ ಹಿಡಿದು ತಳ್ಳತೊಡಗಿದಳು, ನಾನು ಹಿಂದಿನಿಂದ ಚೇರ್ಮನ್ನರನ್ನು ಹಿಡಿದುಕೊಂಡೆ. ಕಬ್ಬಿಣದ ಸೈಕಲ್ಲು ನರಳಿತು, ಆದರೆ ನಡೆಯಿತು. ನನ್ನ ಅಂದಾಜಿನಲ್ಲಿ ಎಲ್ಲ ಸೇರಿ ನೂರ ತೊಂಬತ್ತು ಕಿಲೋ. ಊರಿನ ಚರಿತ್ರೆಯಲ್ಲೇ ಅಷ್ಟು ಭಾರದ ಸೈಕಲ್ಲು ರಸ್ತೆಗೆ ಇಳಿದಿರಲಿಲ್ಲ.

ಆಸ್ಪತ್ರೆ ಒಂದು ಮೈಲಿ. ಕಚೇರಿಗೆ ಹೋಗುವ ಹೊತ್ತು. ಎದುರಿನಿಂದ ಏಳು ಕಿಲೋದ ಸೈಕಲ್ಲಿನಲ್ಲಿ ಹೈಸ್ಕೂಲು ಮೇಷ್ಟರು ಬಂದರು. “ಅಯ್ಯಯ್ಯೋ, ಏನಾಯ್ತು ಸಾರ್!” ಎಂದು ಮರುಗಿದರು. ಮರುಗಿದ ಮೇಲೆ “ದಾರಿ” ಎಂದರು.

“ರೀ ಮೇಷ್ಟ್ರೇ, ನಾನು ಚೇರ್ಮನ್ ಕಣ್ರೀ!” ಎಂದು ರುದ್ರಮುನಿಯವರು ಕ್ಯಾರಿಯರಿನ ಮೇಲಿಂದ ಕೂಗಿದರು.

“ಗೊತ್ತು ಸಾರ್. ಆದ್ರೆ ಈಗ ತಾವು ಹೊರೆ. ಹೊರೆಗೆ ರಿಯಾಯಿತಿ ಇಲ್ಲ ಅಂತ ಹೋದ ವರ್ಷ ತಾವೇ ಆರ್ಡರ್ ಮಾಡಿದ್ರಿ. ನಮ್ಮ ಅತ್ತೆಗೆ ಲಕ್ವ ಹೊಡೆದು ಕರ್ಕೊಂಡು ಹೋಗೋವಾಗ ನಮ್ಮನ್ನೂ ನಿಲ್ಸಿದ್ರಿ.”

ದೇವೀರಮ್ಮ ಪಕ್ಕಕ್ಕೆ ಸರಿಸಿ ನಿಲ್ಲಿಸಿದಳು. ಮೇಷ್ಟರು ಹೋದರು. ಆಮೇಲೆ ಪೋಸ್ಟಿನವನು, ಆಮೇಲೆ ಬ್ಯಾಂಕಿನ ಇಬ್ಬರು, ಆಮೇಲೆ ಸೈಕಲ್ಲಿಗೆ ಹೂವಿನ ಬುಟ್ಟಿ ಕಟ್ಟಿಕೊಂಡ ಒಬ್ಬ ಮುದುಕಿ. ಮುದುಕಿಗಂತೂ ಜೀವಮಾನದಲ್ಲಿ ಮೊದಲ ಸಲ ಚೇರ್ಮನ್ನರೇ ದಾರಿ ಬಿಟ್ಟಿದ್ದರು, ಸಂತೋಷಕ್ಕೆ ಅವಳು ಹಿಂತಿರುಗಿ ಬಂದು ಇನ್ನೊಂದು ಸಲ ಹೋದಳು. ಒಟ್ಟು ಮೂವತ್ತೆರಡು ಸಲ ನಿಂತೆವು. ಪ್ರತಿ ಸಲ ನಿಂತಾಗಲೂ ನಮ್ಮ ಗಾಯಾಳುಗಳು ಕಾಲನ್ನು ಭುಜವನ್ನು ಮರೆತು ಒಂದೇ ಮಾತಾಡಿದರು.

“ನೀವು ಇಳೀಬೇಕಿತ್ತು.”

“ನಾನ್ಯಾಕ್ ಇಳೀಬೇಕು? ನೀವಿಳೀಬೇಕಿತ್ತು.”

“ಬಾಯ್ಮುಚ್ಕಂಡು ಕೂತ್ಕಳಿ ಇಬ್ರೂ, ಅಲ್ಲಾಡಿದ್ರೆ ಬಿದ್ದೋಯ್ತೀರಿ” ಎಂದಳು ದೇವೀರಮ್ಮ. ಇಬ್ಬರೂ ಬಾಯಿ ಮುಚ್ಚಿದರು. ಉತ್ತರ ಗೊತ್ತಿದ್ದ ನಾನಂತೂ ಮೊದಲೇ ಮುಚ್ಚಿಕೊಂಡಿದ್ದೆ.

ತಮ್ಮನ್ನು ಹೊತ್ತು ತಂದವಳಿಗೆ ರುದ್ರಮುನಿಯವರು ಮರುದಿನವೇ ಆಸ್ಪತ್ರೆಯ ಮಂಚದಿಂದ ಕೃತಜ್ಞತೆ ಸಲ್ಲಿಸಿದರು. ಓಣಿಯಲ್ಲಿ ನೀರು ಚೆಲ್ಲಿ ನೆಲ ಜಾರುವಂತೆ ಮಾಡಿದ್ದೇ ಅಪಘಾತಕ್ಕೆ ಕಾರಣ, ವಿಚಾರಣೆ ಮುಗಿಯುವ ತನಕ ದೇವೀರಮ್ಮನ ಸೈಕಲ್ಲನ್ನು ತೂಕದ ಮನೆಯಲ್ಲಿ ಜಪ್ತಿ ಇಡತಕ್ಕದ್ದು, ಎಂದು ಆರ್ಡರ್ ಬಂತು. ನೀರು ಚೆಲ್ಲಿದ್ದು ಅಪಘಾತ ಆದ ಮೇಲೆ. ಅದು ನನಗೆ ಗೊತ್ತಿತ್ತು. ಆರ್ಡರಿಗೆ ಸಹಿ ಹಾಕಿ, ಸೈಕಲ್ಲು ತಂದು, ಒಳಗಿಟ್ಟು ಬೀಗ ಹಾಕಿದವನೂ ನಾನೇ. ಸೈಕಲ್ಲು ಕೊಡುವಾಗ ಅವಳು ಕೊಡಗಳನ್ನು ಮಾತ್ರ ಬಿಚ್ಚಿಕೊಂಡಳು.

ವಿಚಾರಣೆ ಚೇರ್ಮನ್ನರು ಎದ್ದು ಕೂರುವ ತನಕ ನಡೆಯುವಂತಿರಲಿಲ್ಲ, ಹನ್ನೊಂದು ದಿನ ಹಿಡಿಯಿತು. ಈ ಮಧ್ಯೆ ಒಂದು ದಿನ ಊಟಕ್ಕೆ ಬಡಿಸುತ್ತ ಸುಕನ್ಯಾ, “ಪಾಪ, ದೇವೀರಮ್ಮಂಗೆ ಕುತ್ತಿಗೆ ಊದಿದೆ ಕಣ್ರೀ. ಅವಳ ಮೇಲೆ ಹಾಕಿದ್ದು ಸುಳ್ಳಂತೆ ಹೌದಾ?” ಎಂದು ಕೇಳಿದಳು.

“ವಿಚಾರಣೆ ಆಗ್ತಾ ಇದೆಯಲ್ಲ” ಎಂದೆ. ಸರ್ಕಾರಿ ಮನೆಯಲ್ಲಿ ಕೂತು ಊಟ ಮಾಡುವವನು ಅಷ್ಟಾದರೂ ಸರ್ಕಾರಿ ಭಾಷೆ ಮಾತಾಡಬೇಡವೇ?

ವಿಚಾರಣೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಿಕ್ಕಿ ಹೊಡೆದವರಲ್ಲಿ ಒಬ್ಬರಾದ ರುದ್ರಮುನಿಯವರು ಕೈಗೆ ಜೋಳಿಗೆ ಕಟ್ಟಿಕೊಂಡು ನ್ಯಾಯಾಧೀಶರಾಗಿ ಕುಳಿತರು. ಇನ್ನೊಬ್ಬರಾದ ಶೆಟ್ಟರು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಸಾಕ್ಷಿಯಾಗಿ ಬೆಂಚಿನ ಮೇಲೆ ಚಾಚಿಕೊಂಡಿದ್ದರು. ಅಪರಾಧಿ ನಿಂತಿದ್ದಳು. ತೀರ್ಪನ್ನು ಆಗಲೇ ಬರೆದು ತಂದಿದ್ದರು, ಅದರಲ್ಲಿ ಸೈಕಲ್ಲನ್ನು ಗುಜರಿಗೆ ಹಾಕತಕ್ಕದ್ದು ಎಂದಿತ್ತು. ಪದ್ಧತಿಗೆ ಎಂದು ಅವಳನ್ನೂ ಒಂದು ಮಾತು ಕೇಳಿದರು.

“ಹೇಳೋದೇನಾದ್ರೂ ಇದೆಯೇನಮ್ಮಾ?”

“ನಾನು ಇಳ್ದು ಗೋಡೆಗೆ ನಿಂತಿದ್ದೆ ಬುದ್ಧೀ” ಎಂದಳು ಅವಳು. “ನಾನು ಇಳೀಬೇಕಿತ್ತು, ಇಳ್ದೆ. ನಿಮ್ಮಿಬ್ರಲ್ಲಿ ಇಳೀಬೇಕಾಗಿದ್ದೋರು ಯಾರು? ಅದೊಂದು ಹೇಳ್ಬುಡಿ. ಸೈಕಲ್ ನೀವೇ ಇಟ್ಕಳಿ.”

“ಇಬ್ಬರದ್ದೂ ಸಮ. ಪುಸ್ತಕದಲ್ಲಿದೆ” ಎಂದರು ರುದ್ರಮುನಿಯವರು.

ಅವಳು ತಿರುಗಿ, ಪುಸ್ತಕ ಹಿಡಿದು ನಿಂತಿದ್ದ ನನ್ನನ್ನು ನೋಡಿದಳು. “ತೂಗ್ದೋರು ನೀವಲ್ವರಾ ಸ್ವಾಮಿ? ಸಮಾನೇ ಇತ್ತಾ?”

ಮುಂದೆ ನಡೆದದ್ದನ್ನು ಕೆಲವರು ಧೈರ್ಯ ಎನ್ನುತ್ತಾರೆ. ಅಲ್ಲ. ಇಪ್ಪತ್ತೆರಡು ವರ್ಷದಲ್ಲಿ ‘ತೂಕ ಎಷ್ಟು?’ ಎಂದು ಯಾರು ಕೇಳಿದರೂ ಉತ್ತರ ಹೇಳಿ ನನ್ನ ಬಾಯಿಗೆ ಅಭ್ಯಾಸವಾಗಿತ್ತು. ಅವಳ ಊದಿದ ಕುತ್ತಿಗೆಯನ್ನು ನೋಡುತ್ತಿದ್ದೆ, ಬಾಯಿ ತನ್ನ ಪಾಡಿಗೆ ತಾನು ಮಾತಾಡಿತು.

“ಎಂಟು ಗ್ರಾಂ ವ್ಯತ್ಯಾಸ ಇತ್ತಮ್ಮಾ. ಚೇರ್ಮನ್ನರದ್ದು ಭಾರ.”

ಸುಳ್ಳು ಬರೆದಿದ್ದೆ ಎಂದೂ ನೀರು ಆಮೇಲೆ ಚೆಲ್ಲಿದ್ದು ಎಂದೂ ನಾನು ತೊದಲುತ್ತ ಹೇಳುತ್ತಿದ್ದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಏಕೆಂದರೆ ಶೆಟ್ಟರು ಮುರಿದ ಕಾಲಿನ ಮೇಲೆ ಎದ್ದು ನಿಂತು, ಕಿರುಚಿ, ನೋವಿಗೋ ಸಂತೋಷಕ್ಕೋ ತಿಳಿಯದಂತೆ ಅಳುತ್ತಿದ್ದರು. “ನಾನೇ ಹಗುರ! ನೋಡ್ರಪ್ಪಾ, ನಾನೇ ಹಗುರ!” ಜನ ಅವರನ್ನು ಬೆಂಚಿನ ಸಮೇತ ಎತ್ತಿಕೊಂಡು ಹೋಗಿ ವೇದಿಕೆಯ ಮೇಲಿಟ್ಟರು. ರುದ್ರಮುನಿಯವರನ್ನು ಕುರ್ಚಿಯಿಂದ ಎಬ್ಬಿಸಬೇಕಾಗಿಯೇ ಬರಲಿಲ್ಲ. ಅವರ ಪಕ್ಕದಲ್ಲಿದ್ದವರೆಲ್ಲ ಎದ್ದು ಶೆಟ್ಟರ ಪಕ್ಕಕ್ಕೆ ಹೋದರು, ಅಷ್ಟರಲ್ಲಿ ಅದು ಬರಿಯ ಕುರ್ಚಿಯಾಗಿತ್ತು. ಸೈಕಲ್ಲುಗಳು ಎರಡೂ ಈಗ ಗೋಣಿಚೀಲದಲ್ಲಿ ಚೂರಾಗಿ ಬಿದ್ದಿವೆ ಎಂಬುದು ಯಾರಿಗೂ ಅಡ್ಡಿಯಾಗಿ ಕಾಣಲಿಲ್ಲ.

ಹೊಸ ಚೇರ್ಮನ್ನರ ಮೊದಲ ಆರ್ಡರು: ಸುಳ್ಳು ತೂಕ ಬರೆದ ಗುಮಾಸ್ತ ಪಂಚಾಕ್ಷರಿಯನ್ನು ಈ ಕ್ಷಣದಿಂದ ವಜಾ ಮಾಡಿದೆ, ತಿಂಗಳೊಳಗೆ ಮನೆ ಖಾಲಿ ಮಾಡತಕ್ಕದ್ದು. ಎರಡನೆಯದು: ಇಳಿಯಬೇಕಾದ ರುದ್ರಮುನಿಯವರು ಇಳಿಯದ್ದರಿಂದ ತಪ್ಪು ಅವರದ್ದೇ, ನೀರಿನವಳ ಸೈಕಲ್ಲು ವಾಪಸು ಕೊಡಿ. ನೀರು ಯಾವಾಗ ಚೆಲ್ಲಿತು ಎಂದು ಕೊನೆಗೂ ಯಾರೂ ಕೇಳಲಿಲ್ಲ. ಎಂಟು ಗ್ರಾಂ ಇಲ್ಲದಿದ್ದರೆ ಅವಳ ಸೈಕಲ್ಲು ಗುಜರಿಗೇ ಹೋಗುತ್ತಿತ್ತು.

ಬೀಗದ ಕೈ, ಕಚೇರಿ ಸೈಕಲ್ಲು ಒಪ್ಪಿಸಿ, ನಡೆದುಕೊಂಡು ಹೊರಟೆ. ಬಟ್ಟಲು ಓಣಿಯಲ್ಲಿ ದೇವೀರಮ್ಮ ಆಗಲೇ ನಲ್ಲಿಯ ಮುಂದೆ ಕೊಡ ತುಂಬುತ್ತಿದ್ದಳು. ನಾನು ನಿಂತೆ. ಕೆಲಸ ಕಳೆದುಕೊಂಡು ಅವಳ ಸೈಕಲ್ಲು ಬಿಡಿಸಿದವನು ನಾನು. ಅವಳು ಎರಡು ಒಳ್ಳೆಯ ಮಾತು ಹೇಳಬಹುದು, ನಾನು ಅದನ್ನು ಸಂಕೋಚದಿಂದ ತಳ್ಳಿಹಾಕಬಹುದು ಎಂದು ಓಣಿ ಇಳಿಯುತ್ತಲೇ ಸಿದ್ಧ ಮಾಡಿಕೊಂಡಿದ್ದೆ.

“ಮೊದ್ಲಿಂದ್ಲೂ ಗೊತ್ತಿತ್ತಾ ನಿಮ್ಗೆ?” ಎಂದಳು.

“ಗೊತ್ತಿತ್ತು.”

“ಹನ್ನೊಂದು ದಿನಾನೂವೆ?”

“ಹೂಂ.”

“ಹನ್ನೊಂದು ದಿನಾನೂ ನಿಮ್ಮನೆಗೆ ನೀರು ಹಾಕಿವ್ನಿ. ತಲೆ ಮ್ಯಾಲೆ ಹೊತ್ಕಂಡು.”

ನನ್ನ ಸಂಕೋಚ ಸಿದ್ಧವಾಗಿಯೇ ಉಳಿಯಿತು. ಅವಳು ಕಂಠಮಟ್ಟ ತುಂಬಿದ ಒಂದು ಕೊಡ ಎತ್ತಿ ನನ್ನ ಮುಂದೆ ಇಟ್ಟಳು. “ನಿಮ್ಮನೇದು. ಇವತ್ತು ನೀವೇ ತಕ್ಕೊಂಡೋಗಿ.” ಉಳಿದ ಮೂರನ್ನು ಸೈಕಲ್ಲಿಗೆ ಬಿಗಿದು ದಿಣ್ಣೆಯ ಕಡೆ ತಳ್ಳಿಕೊಂಡು ಹೊರಟಳು. ಮೇಲಿನಿಂದ ಹೈಸ್ಕೂಲು ಮೇಷ್ಟರು “ದಾರಿ” ಎಂದು ಇಳಿದು ಬರುತ್ತಿದ್ದರು. ಅವಳು ನಿಲ್ಲಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಮೇಷ್ಟರ ಕಣ್ಣು ಆ ಕಬ್ಬಿಣದ ಹ್ಯಾಂಡಲ್ಲಿನ ಮೇಲೆ ಬಿತ್ತು, ಆಮೇಲೆ ನೆಲದಲ್ಲಿ ಇನ್ನೂ ಗುಡಿಸದೆ ಉಳಿದಿದ್ದ ಕಪ್ಪು ಚೂರುಗಳ ಮೇಲೆ. ಪುಣ್ಯಕ್ಕೆ ಅವರದ್ದಕ್ಕೆ ಬ್ರೇಕಿತ್ತು. ಇಳಿದು, ಸೈಕಲ್ಲನ್ನು ಮಗುವಿನಂತೆ ಎದೆಗೆ ಅವಚಿಕೊಂಡು, ಚರಂಡಿಯ ಅಂಚಿನಲ್ಲಿ ನಿಂತರು. ಅವಳು ಹಾದುಹೋದಳು.

ನಾನು ಕೊಡ ಎತ್ತಿದೆ. ಸೊಂಟದ ಮೇಲೆ ಇಟ್ಟರೆ ಜಾರುತ್ತಿತ್ತು, ಹೆಗಲಿಗೆ ಏರಿಸಿದರೆ ಕುತ್ತಿಗೆಯೊಳಗೆ ಸುರಿಯುತ್ತಿತ್ತು. ಅರ್ಧ ಮೈಲಿಯಲ್ಲಿ ಯಾರು ‘ದಾರಿ’ ಎಂದರೂ ಬೆಚ್ಚಿ ಪಕ್ಕಕ್ಕೆ ಹಾರಿದೆ. ಹಾರಿದಾಗಲೆಲ್ಲ ಒಂದಷ್ಟು ಚೆಲ್ಲಿತು. ಅಂಗಿ, ಪಂಚೆ ಎಲ್ಲ ತೊಯ್ದು ಮನೆ ಮುಟ್ಟಿದಾಗ ಸುಕನ್ಯಾ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ನನಗಿಂತ ಮೊದಲೇ ಬಂದಿತ್ತೆಂದು ಅವಳ ಮುಖ ನೋಡಿದ ಕೂಡಲೇ ತಿಳಿಯಿತು. ಕೊಡ ಇಳಿಸಿಕೊಂಡು ಒಳಗೆ ಇಣುಕಿದಳು.

“ಅರ್ಧ ಕೊಡಾನೂ ಇಲ್ವಲ್ರೀ” ಎಂದಳು. “ಅಡಿಗೆಗೇ ಸಾಲಲ್ಲ.”

ಅದನ್ನು ಹಂಡೆಗೆ ಸುರಿದು, ಖಾಲಿ ಕೊಡವನ್ನು ತಂದು ನನ್ನ ಕೈಗೆ ಕೊಟ್ಟಳು.

“ಇನ್ನೊಂದ್ಸಲ ಹೋಗ್ಬನ್ನಿ.”

ಹೋದೆ.